ಬೀಗರು ಕಳಿಸಿದ ಕಷಾಯ

ನಮ್ಮ ಸೋದರತ್ತೆಯ ಬಲಗೈ ತೋರುಬೆರಳನ್ನು ಫೋನು ಗುರುತಿಸುತ್ತಿರಲಿಲ್ಲ. ಐವತ್ತು ವರ್ಷ ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕಿ ಆ ಬೆರಳ ತುದಿ ದಪ್ಪಗಾಗಿ, ನುಣ್ಣಗಾಗಿ, ಗೆರೆಗಳೆಲ್ಲ ಅಳಿಸಿಹೋಗಿದ್ದವು. ಎಷ್ಟು ಒತ್ತಿದರೂ ಪರದೆ ಮಿಸುಕುತ್ತಿರಲಿಲ್ಲ. ಆಧಾರ್ ಕಾರ್ಡು ಮಾಡಿಸುವಾಗಲೂ ಇದೇ ಗೋಳಾಗಿತ್ತಂತೆ. ಹಾಗಾಗಿ ಅವರು ವಾಟ್ಸಾಪನ್ನು ಕಿರುಬೆರಳಿನಲ್ಲಿ ನಡೆಸುತ್ತಿದ್ದರು. ಉಳಿದ ನಾಲ್ಕು ಬೆರಳನ್ನು ಮಡಚಿ, ಕಿರುಬೆರಳೊಂದನ್ನೇ ಚಾಚಿ, ಉಪ್ಪಿನಕಾಯಿಯ ರುಚಿ ನೋಡುವವರ ಹಾಗೆ ಪರದೆಯನ್ನು ಒಮ್ಮೆ ಮುಟ್ಟಿ ತೆಗೆಯುತ್ತಿದ್ದರು. ಆಮೇಲೆ ಮುಖ ಸಿಂಡರಿಸುತ್ತಿದ್ದರು. ಹೆಚ್ಚಿನ ಸಲ ರುಚಿ ಕೆಟ್ಟದ್ದೇ ಇರುತ್ತಿತ್ತು.

ಅವರು ಅಪ್ಪನ ಅಕ್ಕ. ದಾವಣಗೆರೆ ಹತ್ತಿರದ ಹದಡಿ ಎಂಬ ಹಳ್ಳಿಗೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಹೊಲವನ್ನು ಪಾಲಿಗೆ ಹಾಕಿ ದಾವಣಗೆರೆಗೆ ಬಂದು, ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಮನೆ ಮಾಡಿದರು. ನನಗೆ ತಾಯಿ ಇಲ್ಲ, ಅಪ್ಪನಿಗೂ ಚಿಕ್ಕಂದಿನಲ್ಲೇ ತಾಯಿ ಇರಲಿಲ್ಲ. ಇಬ್ಬರನ್ನೂ ಬೈದು ಬೆಳೆಸಿದವರು ಇವರೇ. ಓದಿದ್ದು ಏಳನೇ ಇಯತ್ತೆ. ಆದರೆ ನಮ್ಮ ಬಳಗದಲ್ಲಿ ಅವರಿಗೊಂದು ಹುದ್ದೆ ಇತ್ತು. ಅದು ಯಾರೂ ಕೊಟ್ಟದ್ದಲ್ಲ, ಯಾರೂ ಕಿತ್ತುಕೊಳ್ಳುವ ಧೈರ್ಯ ಮಾಡಿದ್ದೂ ಇಲ್ಲ. ಬಳಗದ ಯಾವ ಹೆಣ್ಣಿಗೇ ಆಗಲಿ, ಗಂಡು ಗೊತ್ತಾಗುವ ಮೊದಲು ಆ ಮನೆತನವನ್ನು ವಿಚಾರಿಸಿಕೊಂಡು ಬರುವುದು ಅತ್ತೆಯ ಕೆಲಸ.

ಅದನ್ನು ಅವರು ಮಾಡುತ್ತಿದ್ದ ರೀತಿಯೇ ಬೇರೆ. ಗಂಡಿನ ಮನೆಗೆ ನೇರವಾಗಿ ಹೋಗುತ್ತಿರಲಿಲ್ಲ. ಮೊದಲು ಆ ಬೀದಿಯ ಇಸ್ತ್ರಿ ಅಂಗಡಿಗೆ. ಅಲ್ಲಿಂದ ಹಾಲು ಹಾಕುವವನಿಗೆ. ಆಮೇಲೆ, ಗಂಡಿನ ಮನೆಯವರ ಜೊತೆ ಚರಂಡಿಗೋ ಕಾಂಪೌಂಡಿಗೋ ಜಗಳ ಆಡಿಕೊಂಡ ಪಕ್ಕದ ಮನೆಗೆ. "ನೆಂಟ್ರನ್ನ ಕೇಳಿದ್ರೆ ಹೊಗಳ್ತಾರೆ. ಜಗಳ ಆಡಿದೋರನ್ನ ಕೇಳು, ಅವರೂ ಒಂದು ಒಳ್ಳೆ ಮಾತು ಆಡಿದ್ರೆ ಆ ಮನಿ ಚಲೋ ಐತೆ ಅಂತ ತಿಳಿ" ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಯಾರೂ ನಿರೀಕ್ಷಿಸದ ಸಮಯದಲ್ಲಿ, ದಾರಿ ತಪ್ಪಿದವರ ಹಾಗೆ ಗಂಡಿನ ಮನೆಯ ಬಾಗಿಲಿಗೆ ಹೋಗಿ ಕುಡಿಯಲು ನೀರು ಕೇಳುತ್ತಿದ್ದರು. ನೀರು ತಂದವರು ಯಾರು, ಯಾವ ಲೋಟದಲ್ಲಿ ತಂದರು, ಒಳಗೆ ಯಾರು ಯಾರನ್ನು ಗದರುತ್ತಿದ್ದರು, ಇವಿಷ್ಟರಲ್ಲಿ ಆ ಮನೆಯ ಜಾತಕ ಅವರಿಗೆ ಗೊತ್ತಾಗುತ್ತಿತ್ತು. ಇದಕ್ಕೆಂದೇ ಒಂದು ಬೂದುಬಣ್ಣದ ಸೀರೆ ಇಟ್ಟಿದ್ದರು. ನೋಡಿದವರಿಗೆ ನೆನಪೇ ಉಳಿಯಬಾರದು, ಅಂಥ ಸೀರೆ. ನನಗೆ ಬಂದ ಎರಡು ಗಂಡುಗಳನ್ನು ಅವರು ಆ ಸೀರೆಯಲ್ಲೇ ಹೋಗಿ ಬೇಡವೆಂದು ಬಂದರು. ಮೂರನೆಯವರ ಮನೆಯಲ್ಲಿ ನೀರು ತಂದುಕೊಟ್ಟದ್ದು ಗಂಡೇ. ಲೋಟ ತೊಳೆದು ತಂದರಂತೆ. ನಾನು ಈಗ ಅದೇ ಮನೆಯ ಸೊಸೆ. ಅಪ್ಪ ಒಬ್ಬರೇ ಎಂದು ಗಂಡನೂ ನಮ್ಮ ಮನೆಯಲ್ಲೇ ಇದ್ದಾರೆ. ಲೋಟ ಈಗಲೂ ಅವರೇ ತೊಳೆಯುತ್ತಾರೆ.

ಬಳಗದ ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಅತ್ತೆಗೆ ಕೆಲಸವಿಲ್ಲದೆ ಹೋದ ಕಾಲಕ್ಕೆ ಸರಿಯಾಗಿ ಮೊಬೈಲು ಬಂತು. "ನಮ್ಮ ಬಳಗ" ಅಂತೊಂದು ಗುಂಪು ಮಾಡಿದೆವು. ಬಂತಲ್ಲ ನೋಡಿ ಆರೋಗ್ಯದ ಸುದ್ದಿ, ದಿನಕ್ಕೆ ಇಪ್ಪತ್ತು! ನಿಂಬೆಹಣ್ಣಿನ ಸಿಪ್ಪೆ ತಿಂದರೆ ಕ್ಯಾನ್ಸರ್ ಇಲ್ಲ, ಹೊಕ್ಕುಳಿಗೆ ಎಣ್ಣೆ ಬಿಟ್ಟರೆ ಕನ್ನಡಕ ಬೇಡ, ನಿಂತು ನೀರು ಕುಡಿದರೆ ಮಂಡಿ ಹೋಯಿತು. ಅತ್ತೆ ಒಂದು ವಾರ ಎಲ್ಲವನ್ನೂ ನೋಡಿದರು. ಎಂಟನೇ ದಿನ ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ಕೂತು, "ಇವೆಲ್ಲ ಗಂಡಿನ ಕಡೆಯೋರು ಕಣೆ" ಅಂದರು. ಅವತ್ತಿನಿಂದ ಒಂದೊಂದು ಸುದ್ದಿಯನ್ನೂ ಒಂದೊಂದು ಗಂಡಿನಂತೆ ವಿಚಾರಿಸತೊಡಗಿದರು.

"ಮಾತಾಡೋನು ಯಾರು? ಹೆಸ್ರು ಹೇಳಿದ್ನಾ? ಬರೇ 'ಪ್ರಸಿದ್ಧ ವೈದ್ಯರು' ಅಂದ್ರೆ ಯಾವೂರು, ಯಾರ ಮಗ?" ಇದು ಮೊದಲ ಪ್ರಶ್ನೆ. ವಿಡಿಯೋ ಎಷ್ಟೇ ಉದ್ದವಿರಲಿ, ಅವರು ಕೊನೆಯ ಅರ್ಧ ನಿಮಿಷವನ್ನು ಮೊದಲು ನೋಡುತ್ತಿದ್ದರು. "ನಮಗೇನೂ ಬ್ಯಾಡ್ರಿ, ಹುಡುಗಿ ಕೊಟ್ರೆ ಸಾಕು ಅಂತಾರೆ. ಆಮೇಲೆ ಹೊಸ್ತಿಲು ದಾಟೋವಾಗ ನಿಂತ್ಕಂಡು ಸೈಟಿನ ಮಾತು ತೆಗೀತಾರೆ. ಇವ್ರೂ ಹಂಗೇ. ಕಡೀಗೆ ಏನು ಮಾರ್ತಾರೆ ನೋಡು." ಮುಕ್ಕಾಲು ಪಾಲು ವಿಡಿಯೋಗಳ ಹೊಸ್ತಿಲಲ್ಲಿ ಒಂದು ಪುಡಿಯೋ ಎಣ್ಣೆಯೋ ಸಿಗುತ್ತಿತ್ತು. ಹದಿನೇಳು ರೋಗಕ್ಕೆ ಒಂದೇ ಔಷಧ ಅಂದರೆ ಅವರಿಗೆ ಕೆಂಡದಂಥ ಸಿಟ್ಟು. ಒಂದೂ ಕುಂದಿಲ್ಲದ ಗಂಡಿನ ಬಗ್ಗೆ ಅವರಿಗಿದ್ದ ಅನುಮಾನವೇ ಅದು. "ತಕ್ಷಣ ಎಲ್ಲರಿಗೂ ಕಳಿಸಿ" ಅಂತಿದ್ದರೆ, "ನಾಳೇನೇ ಒಪ್ಪಿಗೆ ಹೇಳ್ರಿ ಅಂತ ಅವಸರ ಮಾಡೋ ಮನ್ಯಾಗ ಏನೋ ಐತೆ" ಎಂದು ಬದಿಗಿಡುತ್ತಿದ್ದರು. ಹಳೇ ಸುದ್ದಿಯನ್ನು ಹೊಸದೆಂದು ಕಳಿಸಿದರೆ, "ಹತ್ತು ವರ್ಷದ ಹಿಂದಿನ ಫೋಟೋ ಕೊಟ್ಟಾನೆ" ಎಂದು ಧ್ವನಿ ಸಂದೇಶ ಹಾಕುತ್ತಿದ್ದರು.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಒಮ್ಮೆ ನಮ್ಮಲ್ಲಿ ಎರಡು ದಿನದ ಕಾರ್ಯಾಗಾರ ಆಯಿತು. ಅಂತರ್ಜಾಲದ ಆರೋಗ್ಯ ಮಾಹಿತಿಯನ್ನು ನಂಬುವುದು ಹೇಗೆ ಅಂತ. ಬಂದ ವಿದ್ವಾಂಸರು ಟೈ ಕಟ್ಟಿಕೊಂಡು, ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳನ್ನು ಹಾಯಿಸಿ ಎರಡು ದಿನ ಹೇಳಿದರು. ಬರೆದವರು ಯಾರು, ಅವರಿಗೇನು ಲಾಭ, ಯಾವಾಗಿನದು, ಬೇರೆಯವರು ಏನನ್ನುತ್ತಾರೆ, ಅವಸರಪಡಿಸುತ್ತಿದ್ದಾರೆಯೇ. ನಾನು ಮೂರನೇ ಸಾಲಿನಲ್ಲಿ ಕೂತು, ಇದನ್ನು ಹೇಳಿಸಲು ಬೆಂಗಳೂರಿನಿಂದ ಕರೆಸಬೇಕಿತ್ತೇ, ಎರಡು ಬಾಗಿಲು ಆಚೆಯಿಂದ ಕರೆತರುತ್ತಿದ್ದೆನಲ್ಲ ಅಂದುಕೊಂಡೆ. ಸಂಜೆ ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ. "ನೀರು ಕೇಳೋದು ಹೇಳಿಕೊಟ್ರಾ?" ಇಲ್ಲ ಅಂದೆ. "ಹಂಗಾದ್ರೆ ಅರ್ಧ ಪಾಠ ಆತು" ಅಂದರು.

ಮಂಡಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸುತ್ತಾರೆ ಎಂಬ ವಿಡಿಯೋ ಬಂದಾಗ ನಮ್ಮ ಬೀದಿಯ ಸಂಜೆಗಳೇ ನಿಂತುಹೋದವು. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದೆ ಮಿರ್ಚಿ ತಿನ್ನುವುದೆಂದರೆ ಸೂತಕದ ಮನೆಯ ಊಟ. ನಾಲ್ಕನೇ ದಿನಕ್ಕೆ ಅತ್ತೆ ತಡೆಯಲಾರದೆ, ಮಂಡಕ್ಕಿ ಭಟ್ಟಿ ನಡೆಸುವ ಚಾಚಾನ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಚಾಚಾ ಪಾಪ, ಮೂರು ದಿನದಿಂದ ಎಲ್ಲರಿಗೂ ಉತ್ತರ ಹೇಳಿ ಸುಸ್ತಾಗಿದ್ದರು. "ಅಕ್ಕಾ, ಖುದಾನಾಣೆ, ಅಕ್ಕಿ, ಉಪ್ಪು, ಕಾದ ಮರಳು. ಬೇರೆ ಏನೂ ಇಲ್ಲ. ಪ್ಲಾಸ್ಟಿಕ್ ಈ ಮರಳಿಗೆ ಬಿದ್ರೆ ಕರಗಿ ಹಂಚಿಗೆ ಹತ್ಕಂತೈತೆ. ಇಲ್ಲೇ ನಿಂತು ನೋಡ್ರಿ" ಅಂದರು. ಅತ್ತೆ ಒಂದು ತಾಸು ಹೊಗೆಯಲ್ಲಿ ನಿಂತು ನೋಡಿದರು. ಹೊರಗೆ ಬಂದವರು, "ಚಾಚಾ ಒಳ್ಳೇರು. ಆದ್ರೂ ಅವ್ರು ಗಂಡಿನ ಕಡೆಯೋರೇ. ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಮ್ಮಿಗೂ ಒಂದ್ ಮಾತು ಕೇಳು" ಅಂದರು. ಮೇಡಂ ನಕ್ಕು ಚಾಚಾ ಹೇಳಿದ್ದನ್ನೇ ಹೇಳಿದರು. ಅವತ್ತು ಸಂಜೆ ಅತ್ತೆ ಗುಂಪಿನಲ್ಲಿ "ಮಂಡಕ್ಕಿ ತಿನ್ರಿ" ಎಂದು ಎರಡೇ ಪದ ಹಾಕಿದರು. ಬೀದಿಗೆ ಜೀವ ಬಂತು.

ಇಂಥ ಅತ್ತೆಗೆ ಇಂಥ ತಮ್ಮ ಹೇಗೆ ಹುಟ್ಟಿದರೋ! ಅಪ್ಪನಿಗೆ ನಂಬುವುದೆಂದರೆ ಒಂದು ಸೌಜನ್ಯ. ಎದುರಿನವರು ಅಷ್ಟು ಕಷ್ಟಪಟ್ಟು ಹೇಳುತ್ತಿರುವಾಗ ನಂಬದಿದ್ದರೆ ಅವರಿಗೆ ಬೇಸರವಾಗುವುದಿಲ್ಲವೇ ಎಂಬುದು ಅವರ ವಾದ. ನಲವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಕೂತು, ಗಿರಾಕಿ ಹೇಳಿದ ಅಳತೆಯನ್ನು ಒಮ್ಮೆಯೂ ಮರುಪ್ರಶ್ನಿಸದೆ ಕತ್ತರಿಸಿಕೊಟ್ಟವರು. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಮಾತ್ರೆ. ಅತ್ತೆಯ ಕಣ್ಗಾವಲಿನಲ್ಲಿ ಎಲ್ಲ ಹದ್ದುಬಸ್ತಿನಲ್ಲಿತ್ತು. ಯಾವುದೇ ವಿಡಿಯೋ ನೋಡಿದರೂ ಅಪ್ಪ ಮೊದಲು, "ಅಕ್ಕ ಏನಂದ್ಲು?" ಎಂದು ಕೇಳುತ್ತಿದ್ದರು. ಅಕ್ಕ "ಬ್ಯಾಡ" ಅಂದರೆ ಮುಗಿಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಗುಂಪಿಗೆ ಆ ವಿಡಿಯೋ ಬಂತು. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು, ಹಿಂದೆ ತುಂಗಭದ್ರೆ. "ಸಕ್ಕರೆ ಕಾಯಿಲೆಯ ಮಾತ್ರೆ ಇಂದೇ ಬಿಡಿ. ಇಪ್ಪತ್ತೊಂದು ದಿನ ನಮ್ಮ ಕಷಾಯ ಕುಡಿಯಿರಿ." ಕೊನೆಗೆ ಪುಡಿಯ ಪ್ಯಾಕೆಟ್ಟು, ಫೋನ್ ನಂಬರು, ಹರಿಹರದ ವಿಳಾಸ. ಅತ್ತೆಯ ಎಲ್ಲ ಪ್ರಶ್ನೆಗಳಿಗೂ ಒಂದೇ ಏಟಿಗೆ ಸಿಕ್ಕಿಬೀಳುವಂಥ ಗಂಡು. ನಾನು ಅವರ ಧ್ವನಿ ಸಂದೇಶಕ್ಕಾಗಿ ಖುಷಿಯಿಂದ ಕಾದೆ. ಮಧ್ಯಾಹ್ನವಾಯಿತು, ಮರುದಿನವಾಯಿತು, ಅತ್ತೆಯಿಂದ ಒಂದು ಮಾತಿಲ್ಲ.

ವಿಡಿಯೋ ಕಳಿಸಿದವರು ಹರಿಹರದ ಬೀಗಿತಿ. ಅಂದರೆ ಅತ್ತೆ ತಮ್ಮ ಒಬ್ಬಳೇ ಮಗಳನ್ನು ಕೊಟ್ಟ ಮನೆಯ ಯಜಮಾನಿ, ಮಗಳ ಅತ್ತೆ.

ಹೋಗಿ ಕೇಳಿದೆ. ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ವಿಚಾರಣೆ ಏನಿದ್ರೂ ಕೊಡೋಕೆ ಮುಂಚೆ. ಕೊಟ್ಟ ಮ್ಯಾಲೆ ಬೀಗರನ್ನ ವಿಚಾರಿಸ್ತಾರೇನು? ನಾಕು ಜನದ ಗುಂಪಿನಾಗ, 'ಇದು ಯಾರು ಹೇಳಿದ್ದು, ಯಾವೂರಿಂದು' ಅಂತ ಬೀಗರಿಗೆ ಕೇಳಿದ್ರೆ, ಆ ಮನ್ಯಾಗ ಬಾಳ್ವಿ ಮಾಡೋ ನನ್ನ ಮಗಳ ಮುಖ ಏನಾಗ್ಬೇಕು?"

"ಅಪ್ಪ ನಂಬಿದ್ರೆ?"

"ನಿಮ್ಮಪ್ಪ ಹೆಂಗೆ ನಂಬ್ತಾನೆ? ನಾನು ಹೂಂ ಅಂದೇ ಇಲ್ಲ."

ಆದರೆ ಅಪ್ಪನ ಲೆಕ್ಕ ಬೇರೆಯಿತ್ತು. ಬಂದದ್ದಕ್ಕೆಲ್ಲ ಕೊಂಕು ತೆಗೆಯುವ ಅಕ್ಕ ಇದೊಂದಕ್ಕೆ ಸುಮ್ಮನಿದ್ದಾಳೆ ಅಂದರೆ ಪಾಸಾಯಿತು ಅಂತ ಅರ್ಥ! ಯಾರಿಗೂ ಹೇಳದೆ ಪುಡಿ ತರಿಸಿದರು, ಮಾತ್ರೆಯ ಡಬ್ಬಿಯನ್ನು ಬೀರುವಿನ ಮೇಲೆ ಎಸೆದರು, ಬೆಳಿಗ್ಗೆ ಎದ್ದು ಹಸಿರು ಕಷಾಯ ಕುಡಿಯತೊಡಗಿದರು. ನನಗೆ ತಿಳಿದು ಜಗಳ ತೆಗೆದಾಗ, "ಅಕ್ಕನಿಗಿಂತ ಜಾಸ್ತಿ ಗೊತ್ತೇನು ನಿನಗ? ನೀನು ಪುಸ್ತಕ ಜೋಡ್ಸೋಳು, ಜೋಡ್ಸು" ಅಂದರು. ಅತ್ತೆಗೆ ಹೇಳಿದೆ. ಅವರು ಎರಡು ದಿನ ತಮ್ಮನನ್ನು ಕಂಡಕಂಡಲ್ಲಿ, "ಮಾತ್ರೆ ತಗಳಪ್ಪ, ಹೆಂಗಿದ್ರೂ ಒಳ್ಳೇದು" ಎಂದು ಸುತ್ತು ಬಳಸಿ ಹೇಳಿದರು. ಬೀಗರ ವಿಡಿಯೋ ಸುಳ್ಳು ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಸುತ್ತು ಬಳಸಿ ಹೇಳಿದ್ದು ಅಪ್ಪನಿಗೆ ಯಾವತ್ತೂ ತಿಳಿದದ್ದಿಲ್ಲ.

ಇಪ್ಪತ್ತೊಂದು ದಿನ ಮುಗಿಯಲೇ ಇಲ್ಲ. ಹದಿನೆಂಟನೇ ದಿನ ಅಪ್ಪ ಯಾರದೋ ಮನೆಯಲ್ಲಿ ಸಕ್ಕರೆ ಹಾಕಿದ ಕಾಫಿ ಕುಡಿದು ಪಥ್ಯ ಕೆಡಿಸಿಕೊಂಡರು. ಪ್ಯಾಕೆಟ್ಟಿನ ಮೇಲೆ, ಪಥ್ಯ ಕೆಟ್ಟರೆ ಮತ್ತೆ ಮೊದಲಿನಿಂದ ಅಂತ ಬರೆದಿತ್ತು. ಶುರು ಮಾಡಿದರು. ಒಂಬತ್ತನೇ ದಿನ ಒಂದು ನಾಮಕರಣ. ಮತ್ತೆ ಶುರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಊರೆಲ್ಲ ಕಾದ ಹಂಚಾಗಿರುವಾಗ, ಅಪ್ಪ ಕಾಲುಚೀಲ ಹಾಕಿಕೊಂಡು ಅತ್ತೆಯ ಮನೆಗೆ ಊಟಕ್ಕೆ ಹೋದರು. ಅತ್ತೆ ತಟ್ಟೆ ಇಟ್ಟವರು ಅಲ್ಲೇ ನಿಂತರಂತೆ.

"ಕಾಲುಚೀಲ ತಗಿ."

"ಚಳಿ ಅಕ್ಕ."

"ತಗಿ ಅಂದೆ."

ಎಡಗಾಲಿನ ಎರಡನೇ ಬೆರಳಿನಲ್ಲಿ ಚಪ್ಪಲಿ ಕಚ್ಚಿದ ಗಾಯ. ಮೂರು ವಾರದ್ದು. ಮಾಯುವ ಬದಲು ಕಪ್ಪಾಗಿ ಊದಿತ್ತು. ಅತ್ತೆ ನನಗೆ ಫೋನು ಮಾಡಿದಾಗ ಅವರ ಧ್ವನಿ ನನಗೆ ಗುರುತೇ ಸಿಗಲಿಲ್ಲ. ಡಾಕ್ಟರಮ್ಮ ರಕ್ತ ಪರೀಕ್ಷಿಸಿದರು. ಯಂತ್ರ ತೋರಿಸಿದ್ದನ್ನು ನಂಬದೆ ಇನ್ನೊಮ್ಮೆ ಪರೀಕ್ಷಿಸಿದರು. "ಸಕ್ಕರೆ ಇಳೀದಿದ್ರೆ ಈ ಗಾಯ ಮಾಯೋದಿಲ್ಲ. ಇನ್ನೂ ಒಳಗೆ ಹೋದರೆ ಬೆರಳು ತೆಗೀಬೇಕಾಗುತ್ತೆ, ಅಲ್ಲಿಗೂ ನಿಲ್ಲಲಿಕ್ಕಿಲ್ಲ" ಎಂದರು. ಅಪ್ಪ ಗಾಯಕ್ಕೆ ಕೊಟ್ಟ ಔಷಧಕ್ಕೆ ಒಪ್ಪಿದರು. ಸಕ್ಕರೆಯ ಮಾತ್ರೆಗೆ ಮಾತ್ರ, "ಇನ್ನ ಹನ್ನೆರಡು ದಿನ ತಡೀರಿ ಮೇಡಂ, ಕೋರ್ಸು ಮುಗೀಲಿ" ಅಂದರು. ನನಗೆ ಅಳಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಪುಡಿಯ ಪ್ಯಾಕೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ನಾಳೆ ರಜಾ ಹಾಕು. ಹರಿಹರಕ್ಕೆ ಹೋಗಣ, ಗಂಡು ವಿಚಾರ್ಸಾಕೆ."

ಬೂದುಬಣ್ಣದ ಸೀರೆ ಹೊರಬಂತು. ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ತಾಸು. ಅಷ್ಟು ದೂರಕ್ಕೂ ಅತ್ತೆ ಕಿಟಕಿಯ ಕಡೆ ಕೂರಲಿಲ್ಲ, ಸೆರಗನ್ನು ತಲೆ ತುಂಬ ಹೊದ್ದುಕೊಂಡರು. ಹರಿಹರಕ್ಕೆ ಹೋಗಿ ಬೀಗರ ಮನೆಗೆ ಹೋಗದೆ ಬರುವುದೆಂದರೆ ನಮ್ಮಲ್ಲಿ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಮೇಲಿನ ಅಪರಾಧ. ಬೀಗರದು ಮುಖ್ಯ ರಸ್ತೆಯಲ್ಲೇ ಹಾರ್ಡ್‌ವೇರ್ ಅಂಗಡಿ. ಅದಕ್ಕೇ ಒಂದು ಸ್ಟಾಪು ಮೊದಲೇ ಇಳಿದು, ದೇವಸ್ಥಾನದ ಹಿಂದಿನ ಓಣಿಗಳಲ್ಲಿ, ಬಿಸಿಲಲ್ಲಿ, ಗೋಡೆಗೆ ಅಂಟಿಕೊಂಡು ನಡೆದೆವು. ಪ್ಯಾಕೆಟ್ಟಿನ ಮೇಲಿನ ಬೀದಿ ಸಿಕ್ಕಿತು. ಅತ್ತೆ ರೂಢಿಯಂತೆ ಮೊದಲು ಇಸ್ತ್ರಿ ಅಂಗಡಿಗೆ ಹೋದರು.

"ಏನ್ ತಮ್ಮಾ, ಇಲ್ಲಿ ಡಾಕ್ಟ್ರ ಮನಿ ಯಾವುದಪ್ಪ? ಬಿಳಿ ಕೋಟು ನಿನ್ನ ಹತ್ರನೇ ಬರ್ತಿರಬೇಕಲ್ಲ?"

ಇಸ್ತ್ರಿಯವನು ಪೆಟ್ಟಿಗೆ ಎತ್ತಿಟ್ಟು ನಕ್ಕ. "ಕೋಟು ಬರ್ತೈತ್ರಿ. ಶುಕ್ರವಾರ ಬರ್ತೈತೆ, ಶನಿವಾರ ಶೂಟಿಂಗು. ಆದ್ರ ಡಾಕ್ಟ್ರು ಯಾರ್ರಿ? ಅವ್ರು ಮೊದ್ಲು ತೆಂಗಿನಕಾಯಿ ಹಿಡ್ಕಂಡು ಹೊಲದಾಗ ಬೋರ್‌ವೆಲ್ ಪಾಯಿಂಟ್ ತೋರಿಸ್ತಿದ್ರು. ನಾಕೈದು ಕಡೆ ನೀರು ಬರ್ಲಿಲ್ಲ, ರೈತ್ರು ಅಟ್ಟಿಸ್ಕಂಡು ಬಂದ್ರು. ಆಮ್ಯಾಲೆ ಇದು."

ಅತ್ತೆ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಂತೋಷವಿರಲಿಲ್ಲ. ಇಷ್ಟು ಸುಲಭವಾಗಿ ಸಿಗುವುದನ್ನು ಇಷ್ಟು ದಿನ ಕೇಳದೆ ಕೂತಿದ್ದೆನಲ್ಲ ಎಂಬ ಸಂಕಟ ಮಾತ್ರ ಇತ್ತು.

ಹನ್ನೊಂದು ಗಂಟೆಗೆ ಸರಿಯಾಗಿ ಆ ಮನೆಯ ಬಾಗಿಲಲ್ಲಿ ನಿಂತು ನೀರು ಕೇಳಿದೆವು. ಯಜಮಾನರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಬಂದರು. ನೀರು ತಂದರು, ಜೊತೆಗೆ ಬೆಲ್ಲ ತಂದರು. "ಬಿಸಿಲಾಗ ಬಂದೀರಿ, ಕೂಡ್ರಿ" ಎಂದು ಫ್ಯಾನು ಹಾಕಿದರು. ಅತ್ತೆ ಬೆಲ್ಲವನ್ನು ಪಕ್ಕಕ್ಕಿಟ್ಟು, "ನಂಗೆ ಸಕ್ಕರೆ ಕಾಯಿಲೆ ಐತವ್ವ, ಬೆಲ್ಲ ಬ್ಯಾಡ" ಅಂದರು. ಅದು ಸುಳ್ಳು. ಅವರಿಗೆ ಬಿಪಿ ಬಿಟ್ಟರೆ ಏನೂ ಇರಲಿಲ್ಲ.

"ಅಯ್ಯ, ನಮ್ಮನೆಯೋರಿಗೂ ಐತ್ರಿ. ಎಂಟು ವರ್ಷ ಆತು" ಅಂದರು ಆಕೆ.

"ಏನು ತಗಂತಾರೆ?"

"ಏನು ತಗಂತಾರ್ರಿ, ಮಾತ್ರೆ. ದಾವಣಗೆರೆ ಡಾಕ್ಟ್ರು ಬರ್ಕೊಟ್ಟಾರೆ. ಮಾತ್ರೆ ನುಂಗದಿದ್ರೆ ನಾ ತಟ್ಟೆನೇ ಹಾಕಂಗಿಲ್ಲ."

ಅತ್ತೆ ಮೂಲೆಯಲ್ಲಿ ಪೇರಿಸಿಟ್ಟಿದ್ದ ಪುಡಿಯ ಪ್ಯಾಕೆಟ್ಟುಗಳತ್ತ ಕಣ್ಣು ಹಾಯಿಸಿದರು. "ಮತ್ತೆ ಈ ಕಷಾಯ?"

"ಅದು ಮಾರಾಕ್ರಿ," ಅಂದರು ಆ ತಾಯಿ, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಹೊರಗೆ ಬಂದು ತಿರುವು ದಾಟುವವರೆಗೆ ಅತ್ತೆ ತಡೆದುಕೊಂಡರು. "ಹೆಣ್ಣುಮಗಳು ಬಂಗಾರದಂಥೋಳು. ಗಂಡು ಬ್ಯಾಡ" ಎಂದು ತೀರ್ಪು ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಗುತ್ತಾ ಸೆರಗು ಜಾರಿತು. ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು.

"ಏನ್ರಿ ಅಕ್ಕಾರೆ! ಹರಿಹರಕ್ಕೆ ಬಂದು ಮನೀಗೆ ಬರದಂಗೆ ಹೊಂಟೀರಿ!"

ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದವರು ಬೀಗಿತಿ. ಅವರ ಮನೆ ಅಲ್ಲಿಂದ ಎರಡೇ ಬೀದಿ ಆಚೆ. ಓಣಿ ಹಿಡಿದು ತಪ್ಪಿಸಿಕೊಳ್ಳಲು ಹೋಗಿ ನಾವು ಅವರ ಹಿತ್ತಲ ಕಡೆಗೇ ಬಂದಿದ್ದೆವು. ಅತ್ತೆ, "ದೇವಸ್ಥಾನಕ್ಕೆ ಬಂದಿದ್ವಿ" ಅಂದರು. ಬೀಗಿತಿ ನಮ್ಮಿಬ್ಬರ ಹಣೆ ನೋಡಿದರು. ವಿಭೂತಿ ಇಲ್ಲ, ಗುಡಿಯ ಕುಂಕುಮ ಇಲ್ಲ, ಕೈಯಲ್ಲೊಂದು ಹೂವೂ ಇಲ್ಲ. ಮನೆಗೆ ಕರೆದುಕೊಂಡು ಹೋಗಿ, ಒಗ್ಗರಣೆ ಮಂಡಕ್ಕಿ ಮುಂದಿಟ್ಟು, ಎದುರು ಕೂತರು. ಅವರ ಸೊಸೆ, ಅಂದರೆ ನಮ್ಮತ್ತೆಯ ಮಗಳು, ಬಾಗಿಲಲ್ಲಿ ನಿಂತು ತಾಯಿಯ ಮುಖವನ್ನೂ ತನ್ನ ಅತ್ತೆಯ ಮುಖವನ್ನೂ ನೋಡುತ್ತಿದ್ದಳು.

ನಮ್ಮತ್ತೆ ಮಂಡಕ್ಕಿ ಮುಟ್ಟಲಿಲ್ಲ. "ಬೀಗ್ರೆ, ತಪ್ಪು ತಿಳೀಬ್ಯಾಡ್ರಿ" ಎಂದು ಶುರು ಮಾಡಿ, ಕಾಲುಚೀಲದಿಂದ ಇಸ್ತ್ರಿ ಅಂಗಡಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟರು. ಮಗಳ ಸಂಸಾರವನ್ನೇ ಪಣಕ್ಕಿಟ್ಟು ಮಾತಾಡುತ್ತಿದ್ದರು.

ಬೀಗಿತಿ ಬಾಯಿಗೆ ಸೆರಗು ಇಟ್ಟುಕೊಂಡರು. "ಅಣ್ಣಾರು ನಿಜವಾಗ್ಲೂ ಕುಡಿದ್ರೇನ್ರಿ?"

"ಹೂನ್ರಿ."

"ನಾವ್ಯಾರೂ ಕುಡಿದಿಲ್ವಲ್ರಿ! ನಮ್ಮ ಮಗಳನ್ನ ಕೊಟ್ಟೀವಲ್ಲ, ರಾಣೇಬೆನ್ನೂರು ಬೀಗ್ರು, ಅವ್ರು ಕಳಿಸಿದ್ರು. ಮುಂದಕ್ಕೆ ಕಳಿಸ್ದಿದ್ರೆ, ನಾವು ಕಳಿಸಿದ್ದು ನೋಡಂಗಿಲ್ಲ ಅಂತ ಬ್ಯಾಸರ ಮಾಡ್ಕಂತಾರೆ. ಅದಕ್ಕೆ ಕಳಿಸ್ದೆ. ನಾ ತೆರೆದೂ ನೋಡಿಲ್ಲ."

ಅಲ್ಲೇ ರಾಣೇಬೆನ್ನೂರಿಗೆ ಫೋನು ಹೋಯಿತು. ಅವರೂ ಕುಡಿದಿರಲಿಲ್ಲ. ಅವರಿಗೆ ಬಂದದ್ದು ಹುಬ್ಬಳ್ಳಿಯ ಬೀಗರಿಂದ, ಮರ್ಯಾದೆಗೆ ಕಳಿಸಿದ್ದರು. ಎರಡು ಬೀದಿ ಆಚೆಯ ಮನುಷ್ಯನ ಮಾತು ಹುಬ್ಬಳ್ಳಿಯವರೆಗೆ ಹೋಗಿ, ಬೀಗರಿಂದ ಬೀಗರಿಗೆ ರೈಲುದಾರಿಯ ಒಂದೊಂದೇ ಸ್ಟೇಷನ್ ದಾಟಿ ವಾಪಸು ಬಂದಿತ್ತು. ಇಡೀ ದಾರಿಯಲ್ಲಿ ಅದನ್ನು ಕುಡಿದ ಮಹಾನುಭಾವ ನಮ್ಮಪ್ಪ ಒಬ್ಬರೇ. ಬೀಗಿತಿ ಈಗ ಮೊದಲ ಸಲ ವಿಡಿಯೋ ತೆರೆದರು. ನೋಡಿದವರೇ ಚೀರಿದರು. "ಅಯ್ಯೋ ಇವ್ನಾ! ಸಾರಥಿ ಊರಾಗಿನ ಹೊಲದಾಗ ನಮಗೆ ಪಾಯಿಂಟ್ ತೋರ್ಸಿದೋನು! ಮುನ್ನೂರು ಅಡಿ ಹೊಡೆಸಿದ್ವಿ, ಬರೇ ಧೂಳು ಬಂತು!" ಮಗಳು ಬಾಗಿಲಲ್ಲೇ ಕುಸಿದು ಕೂತು ನಕ್ಕಳು. ಬೀಗಿತಿಯರಿಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ನಕ್ಕರು. ಆಮೇಲೆ ನಮ್ಮತ್ತೆ ಅದೇ ನಗುವಿನಲ್ಲೇ ಅತ್ತುಬಿಟ್ಟರು.

ಸಂಜೆ ಅಪ್ಪನ ಮುಂದೆ ಕೂತು ಎಲ್ಲ ಹೇಳಿದರು. ಅಪ್ಪ ಕೇಳಿಸಿಕೊಂಡು, "ಅವ್ರ ಹೆಂಡ್ತಿಗೆ ಏನು ತಿಳೀತೈತೆ ಅಕ್ಕ, ಪಾಪ" ಅಂದರು. ಕಷಾಯದ ಲೋಟ ಪಕ್ಕದಲ್ಲೇ ಇತ್ತು. ನಾನು ಸಿಟ್ಟಿಗೆ ಎದ್ದು ನಿಂತೆ. ಅತ್ತೆ ನನ್ನನ್ನು ಕೂರಿಸಿದರು.

"ತಮ್ಮಾ, ನೀನು ನಂಬಿದ್ದು ಆ ಬೋರ್‌ವೆಲ್‌ನೋನ್ನ ಅಲ್ಲ, ನನ್ನ. ನಾನು ವಿಚಾರಿಸಿರಲಿಲ್ಲ. ಸುಳ್ಳು ಅಂತ ನೋಡಿದ ಕೂಡ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ನಿದ್ದೆ. ಬೀಗರ ಮುಖ ನೋಡ್ದೆ, ನಿನ್ನ ಕಾಲು ನೋಡ್ಲಿಲ್ಲ. ತಪ್ಪಾತು."

ಅತ್ತೆ ತಪ್ಪಾಯಿತು ಅಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. ಅವರು ಕಷಾಯದ ಲೋಟವನ್ನು ಆಚೆ ಸರಿಸಿ, "ಮಾತ್ರೆ ಡಬ್ಬಿ ಬೀರು ಮ್ಯಾಲೈತೆ, ನಂಗೆ ನಿಲುಕಲ್ಲ" ಅಂದರು. ಕುರ್ಚಿ ಹಾಕಿ ತೆಗೆದುಕೊಟ್ಟೆ. ಹಳೆಯ ಮಾತ್ರೆ ಬೇಡವೆಂದು ಮರುದಿನ ಡಾಕ್ಟರಮ್ಮನ ಹತ್ತಿರ ಹೋಗಿ ಹೊಸದಾಗಿ ಬರೆಸಿಕೊಂಡು ಬಂದೆವು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಅಷ್ಟೂ ದಿನ ಅದನ್ನು ತೊಳೆದು ಪಟ್ಟಿ ಕಟ್ಟಿದವರು ಅತ್ತೆ. ನರ್ಸು ಹೇಳಿಕೊಟ್ಟಂತೆಯೇ ಕಟ್ಟುತ್ತಿದ್ದರು, ತಮ್ಮದೊಂದು ಸೊಪ್ಪನ್ನೂ ಸೇರಿಸಲಿಲ್ಲ. ಬೆರಳು ಉಳಿಯಿತು.

ಆಮೇಲೆ ಗುಂಪಿನಲ್ಲಿ ಅತ್ತೆಯ ಒಂದು ಧ್ವನಿ ಸಂದೇಶ ಬಂತು. ಯಾರನ್ನೂ ದೂರದೆ, ತಮ್ಮ ತಪ್ಪನ್ನೇ ಹೇಳಿಕೊಂಡು, ಇನ್ನು ಮುಂದೆ ಬೀಗರು ಕಳಿಸಲಿ, ತಾವೇ ಕಳಿಸಲಿ, ವಿಚಾರಿಸಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು ಅಂದರು. ಎಲ್ಲರೂ ಹೂಂ ಅಂದರು. ಆದರೂ ಬೀಗರನ್ನು ಮೊದಲು ಕೇಳುವವರು ಯಾರು? ಅತ್ತೆಯೇ ಕೇಳಬೇಕಿತ್ತು, ಅವರೇ ಕೇಳುತ್ತಿದ್ದರು.

ಹೋದ ವರ್ಷ ಅತ್ತೆ ಹೃದಯಾಘಾತದಲ್ಲಿ ಹೋದರು. ಬೆಳಿಗ್ಗೆ ಎದೆ ಹಿಡಿದುಕೊಂಡರು, ಹತ್ತೇ ನಿಮಿಷದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಮೂರು ದಿನ ಇದ್ದರು. ನನ್ನ ಮದುವೆ, ನನ್ನ ಅಪ್ಪನ ಕಾಲು, ಯಾರ ಮಾತನ್ನು ಎಷ್ಟು ನಂಬಬೇಕೆಂಬ ನನ್ನ ಅಳತೆ, ಎಲ್ಲ ಅವರದು. ಅವರಿಲ್ಲದ ಆ ಎರಡು ಬಾಗಿಲು ಆಚೆಯ ಮನೆಯನ್ನು ನಾನು ಈಗಲೂ ನೋಡಲಾರೆ.

ಮಣ್ಣು ಮಾಡಿ ಬಂದ ಐದನೇ ದಿನ ಮಧ್ಯಾಹ್ನ ಗುಂಪಿಗೆ ಒಂದು ಸಂದೇಶ ಬಂತು. ಎದೆನೋವು ಬಂದಾಗ ಜೋರಾಗಿ ಕೆಮ್ಮುತ್ತಿದ್ದರೆ ಆಸ್ಪತ್ರೆ ಇಲ್ಲದೆಯೂ ಬದುಕಬಹುದು, ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ. ಅದು ಸುಳ್ಳೆಂದು ಡಾಕ್ಟರುಗಳು ಎಷ್ಟೋ ಸಲ ಹೇಳಿಯಾಗಿದೆ. ಕಳಿಸಿದವರು ಹರಿಹರದ ಬೀಗಿತಿ. ಇಡೀ ಬಳಗ ಓದಿತು. ಯಾರೂ ತುಟಿ ಬಿಚ್ಚಲಿಲ್ಲ, ಸೂತಕದ ಮನೆ. ನಾನೂ ಫೋನು ಹಿಡಿದು ಹಿಂದೆ ಮುಂದೆ ನೋಡುತ್ತಾ ಕೂತೆ.

ಅಪ್ಪ ಎದ್ದು ಕನ್ನಡಕ ಹಾಕಿಕೊಂಡು ಹರಿಹರಕ್ಕೆ ಫೋನು ಮಾಡಿದರು.

"ಬೀಗ್ರೆ, ನಮಸ್ಕಾರ. ಈಗ ಒಂದು ಕಳಿಸೀರಲ್ಲ, ಅದನ್ನ ಹೇಳಿದೋರು ಯಾರ್ರಿ? ಯಾವೂರೋರು? ವಿಚಾರಿಸಿದ್ರೇನು?"

ಆ ಕಡೆಯ ಅಳು ನನಗೂ ಕೇಳಿಸಿತು. "ಇಲ್ರಿ ಅಣ್ಣಾರೆ, ವಿಚಾರಿಸಿಲ್ಲ. ಅಕ್ಕಾರು ಹೋದ ಸಂಕಟಕ್ಕೆ, ಉಳಿದೋರಿಗಾದ್ರೂ ಆಗ್ಲಿ ಅಂತ ಕಳಿಸ್ದೆ."

"ಸಂಕಟ ನಂಗೂ ಐತ್ರಿ," ಅಂದರು ಅಪ್ಪ. "ಆದ್ರೂ ಅದನ್ನ ತೆಗೀರಿ. ಈ ಬಳಗದಾಗ ನನ್ನಂಥೋನು ಇನ್ನೊಬ್ಬ ಇದ್ದೇ ಇರ್ತಾನೆ. ಅವನಿಗೆ ಈಗ ಅಕ್ಕ ಇಲ್ಲ."